ಗುಜರಿಗೆ ಹಾಕು ಅಂದರು, ನಾನು ಬೂದಿಗೆ ಹಾಕಿದೆ: ಹಳೇ ಓಮ್ನಿಯ ಹೊಗೆ ಸೋರಿಕೆ

"ಬೀಡು ಕಬ್ಬಿಣಕ್ಕೆ ವೆಲ್ಡಿಂಗ್ ನಿಲ್ಲಲ್ಲ ಮಾರಾಯ, ದುಡ್ಡು ದಂಡ. ಗಾಡೀನ ಗುಜರಿಗೆ ಹಾಕು." ನನ್ನ ಓಮ್ನಿಯ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆ ಹೊರಗೊಯ್ಯುವ ಬೀಡು ಕಬ್ಬಿಣದ ಕವಲು ಕೊಳವೆ, ಬಿರುಕು ಬಿಟ್ಟಾಗ ಸಾಗರದಲ್ಲಿ ಮೂರು ಗ್ಯಾರೇಜಿನವರು ಹೇಳಿದ್ದು ಇದೇ ಮಾತು. ನಮ್ಮ ಭಾವನೂ ಅದನ್ನೇ ಹೇಳಿದ. ಅವನಿಗೆ ಪಂಕ್ಚರ್ ಆದ ಟಯರು ಯಾವುದು ಅಂತಲೂ ಗೊತ್ತಾಗೋದಿಲ್ಲ, ಅದು ಬೇರೆ ಕತೆ. ಆ ವೆಲ್ಡಿಂಗ್ ನಾನೇ ಹಾಕಿ ಈಗ ಹತ್ತು ತಿಂಗಳು, ಎಂಟು ಸಾವಿರ ಕಿಲೋಮೀಟರಿನ ಮೇಲಾಯಿತು. ನಿಂತಿದೆ.

ನನ್ನದು 2007ರ ಓಮ್ನಿ, ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಕಸುಬು ಗ್ರಿಲ್, ಗೇಟು. ವೆಲ್ಡಿಂಗ್ ಮಶೀನು, ಕಟಿಂಗ್ ಮಶೀನು ಎಲ್ಲ ಅದರಲ್ಲೇ ಓಡಾಡುತ್ತದೆ. 2022ರಲ್ಲಿ 5,000 ಕಟ್ಟಿ ಆರ್‌ಸಿ ರಿನ್ಯೂವಲ್ ಮಾಡಿಸಿದ್ದೆ, ಹಸಿರು ತೆರಿಗೆ ಬೇರೆ. 2027ಕ್ಕೆ ಗಾಡಿಗೆ ಇಪ್ಪತ್ತು ತುಂಬುತ್ತದೆ, ಈಗಿನ ದರದಂತೆ 20 ವರ್ಷ ದಾಟಿದ ಕಾರಿನ ರಿನ್ಯೂವಲಿಗೆ 10,000. ಗುಜರಿಯವನು ಇಪ್ಪತ್ತಾರು ಸಾವಿರ ಅಂದ. ಎಲ್ಲರೂ ಈ ಅಂಕಿಗಳನ್ನೇ ಕೂಡಿಸಿ ಕಳೆದು ತೀರ್ಮಾನಕ್ಕೆ ಬರುತ್ತಾರೆ. ನಾನು ಮೊದಲು ಕೇಳೋದು ಒಂದೇ: ಹೊಗೆ ಎಲ್ಲಿ ಸೋರುತ್ತಿದೆ?

ಸದ್ದು ಶುರುವಾದದ್ದು ಚಳಿಗಾಲದಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್, ಆವಿನಹಳ್ಳಿ ಮುಟ್ಟುವಷ್ಟರಲ್ಲಿ ಮಾಯ. ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ತಳ್ಳುವ ಭಾಗ) ಅಂದುಕೊಂಡು ಎರಡು ಸಲ ಸೆಟ್ಟಿಂಗ್ ಮಾಡಿಸಿದೆ, ಸಲಕ್ಕೆ ಮುನ್ನೂರೈವತ್ತು. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಬಿರುಕು ತಾನಾಗೇ ಮುಚ್ಚಿಕೊಳ್ಳುತ್ತದೆ ಅನ್ನೋದು ಹೊಳೆಯಲೇ ಇಲ್ಲ. ದಿನಾ ಕಬ್ಬಿಣ ಸುಡುವವನಿಗೆ ಇದು ನಾಚಿಕೆಯ ವಿಷಯವೇ.

ತೀರ್ಮಾನ ಮಾಡಿಸಿದ್ದು ಹೊಳೆಬಾಗಿಲು, ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಲಾಂಚ್ ಹತ್ತುವ ಜಾಗ. ಸಿಗಂದೂರು ಸೇತುವೆ ಇನ್ನೂ ತೆರೆದಿರಲಿಲ್ಲ, ಬೇಸಿಗೆ ರಜೆಯ ರಶ್ಶು, ಲಾಂಚಿಗೆ ಒಂದೂವರೆ ಗಂಟೆ ಕ್ಯೂ. ಎರಡು ಮಾರು ಮುಂದೆ ಹೋಗೋದು, ನಿಲ್ಲೋದು; ಎಂಜಿನ್ ಆಫ್ ಮಾಡಿರಲಿಲ್ಲ. ಮುಂದಿನ ಸೀಟಿನಲ್ಲಿ ಅಮ್ಮ. "ತಲೆ ಸಿಡೀತಿದೆ ಕಣೋ, ವಾಂತಿ ಬಂದಂಗಾಗ್ತಿದೆ" ಅಂದರು. ಬಿಸಿಲು ಅಂದುಕೊಂಡೆ. ಇಳಿದು ಹಿನ್ನೀರಿನ ಗಾಳಿಗೆ ನಿಂತ ಸ್ವಲ್ಪ ಹೊತ್ತಿಗೆ ಸರಿಯಾದರು, ಹತ್ತಿ ಕೂತ ಮೇಲೆ ಮತ್ತೆ ಶುರು. ಓಮ್ನಿಯಲ್ಲಿ ಎಂಜಿನ್ ಇರೋದೇ ಮುಂದಿನ ಸೀಟಿನ ಅಡಿಗೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಅಲ್ಲಿಂದ ಮೂಗಿಗೆ ದೂರವೂ ಇಲ್ಲ. ಅವತ್ತಿನಿಂದ ಮನೆಯವರನ್ನು ಗಾಡಿ ಹತ್ತಿಸಲಿಲ್ಲ. ಕೂರುವ ಜಾಗದ ಕೆಳಗೆ ಸೋರಿದರೆ ರಿಪೇರಿ, ಆಗದಿದ್ದರೆ ಗುಜರಿ. ಗಾಡಿ ಇಪ್ಪತ್ತು ಸಾವಿರದ್ದಾದರೂ ಅಷ್ಟೇ, ಇಪ್ಪತ್ತು ಲಕ್ಷದ್ದಾದರೂ ಅಷ್ಟೇ. ಹಿಂದಿನ ಸೈಲೆನ್ಸರ್ ಡಬ್ಬಿಯಲ್ಲಿ, ಬಂಪರಿನ ಹತ್ತಿರ ಸೋರಿದರೆ, ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿದ್ದರೆ, ಅಷ್ಟು ಅವಸರ ಇಲ್ಲ.

ಎಂಜಿನ್ ತಣ್ಣಗಿರುವಾಗ ಕುಲುಮೆಯ ಬ್ಲೋವರ್ ತಂದು, ಸೈಲೆನ್ಸರ್ ಬಾಯಿಗೆ ಒದ್ದೆ ಗೋಣಿ ಸುತ್ತಿ ಗಾಳಿ ಊದಿದೆ. ಬ್ರಷ್ಷಿನಲ್ಲಿ ಸೋಪಿನ ನೀರು ಸವರುತ್ತಾ ಹೋದರೆ ಮ್ಯಾನಿಫೋಲ್ಡಿನ ಕವಲು ಕೂಡುವಲ್ಲಿ ಗುಳ್ಳೆ ಸಾಲಾಗಿ ಎದ್ದವು. ಎರಡು, ಎರಡೂಕಾಲು ಇಂಚಿನ ಬಿರುಕು. ಇದಕ್ಕೂ ಮುಂಚೆ ಸಾಂಬ್ರಾಣಿ ಹೊಗೆ ಊದಿ ನೋಡಿದ್ದೆ. ಬಿರುಕು ಕಾಣಲಿಲ್ಲ, ಎರಡು ವಾರ ಗಾಡಿಯೊಳಗೆ ಭಜನಾ ಮಂದಿರದ ವಾಸನೆ.

ಮೊದಲು ನಲ್ಲಿ ಪೈಪಿಗೆ ಕಲಸಿ ಹಚ್ಚುವ ಸೀಲು ಮೆತ್ತಿದೆ. ನಗಬೇಡಿ, ನೀವೂ ಮೆತ್ತಿರುತ್ತೀರಿ. ಎರಡೇ ದಿನಕ್ಕೆ ಇದ್ದಿಲಾಗಿ ಉದುರಿತು. ಸೈಲೆನ್ಸರ್ ಪೇಸ್ಟು ಮುನ್ನೂರು ಚಿಲ್ಲರೆ, ಹದಿನೈದು ದಿನ ಬಂತು. ಗುಜರಿಯಿಂದ ಹಳೇ ಮ್ಯಾನಿಫೋಲ್ಡ್ ತಂದೆ, ಒಂಬೈನೂರು; ತುಕ್ಕು ಉಜ್ಜಿ ನೋಡಿದರೆ ಎಂಜಿನ್ನಿಗೆ ಕೂರುವ ಮುಖ ಸೊಟ್ಟ, ಬೋಲ್ಟು ಹಾಕುವ ಒಂದು ಕಿವಿ ಮುರಿದಿದೆ. ಹೊಸದಕ್ಕೆ ಮೂರೂವರೆ ಸಾವಿರ ಅಂದರು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದೆಯಲ್ಲ, "ಆರ್ಡರ್ ಹಾಕ್ತೀವಿ, ಬಂದರೆ ಬಂತು" ಅನ್ನೋ ಉತ್ತರ.

ಗುಜರಿಯ ಆ ಒಂಬೈನೂರು ಪೂರ್ತಿ ದಂಡವಾಗಲಿಲ್ಲ, ಕೈ ಪಳಗಿಸಿದ್ದು ಅದರ ಮೇಲೇ. ಅದಕ್ಕೊಂದು ಸೀಳು ಕೊಯ್ದು, ಗೇಟಿಗೆ ಹಾಕುವ ಮಾಮೂಲಿ ರಾಡಿನಲ್ಲಿ ಒಂದೇ ಉಸಿರಿಗೆ ಗೆರೆ ಎಳೆದೆ. ನೋಡಲು ಚೆಂದ. ಟೀ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಟಣ್ ಅಂತ ಸದ್ದು. ವೆಲ್ಡಿಂಗ್ ಗಟ್ಟಿಯಾಗೇ ಇದೆ, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು. ಒಮ್ಮೆಲೇ ಕಾದು ಒಮ್ಮೆಲೇ ಆರಿದರೆ ಬೀಡು ಕಬ್ಬಿಣ ಹೀಗೇ ಸೀಳೋದು. ಗ್ಯಾರೇಜಿನವರು ನೋಡಿರೋದು ಇದನ್ನೇ, ಅದಕ್ಕೇ ನಿಲ್ಲಲ್ಲ ಅನ್ನೋದು.

ಬೆಂಗಳೂರಿಂದ ನಿಕಲ್ ರಾಡು ತರಿಸಿದೆ, ಆರಕ್ಕೆ ಏಳುನೂರೋ ಏಳುನೂರೈವತ್ತೋ. ಮ್ಯಾನಿಫೋಲ್ಡ್ ಬಿಚ್ಚೋದಕ್ಕೇ ಒಂದು ದಿನ ಹಿಡಿಯಿತು. ರಾತ್ರಿಯೆಲ್ಲ ಡೀಸೆಲ್ ನೆನೆಸಿದರೂ ಅದನ್ನು ಎಂಜಿನ್ನಿಗೆ ಬಿಗಿಯುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟು) ಮುರಿಯಿತು. ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಬಿಸಿ ಆರುವ ಮುಂಚೆ ತಿರುಗಿಸಿ ತೆಗೆದೆ. ಬಿರುಕಿನ ಎರಡೂ ತುದಿಗೆ ಮೂರು ಎಂಎಂ ತೂತು, ಉದ್ದಕ್ಕೂ ಗ್ರೈಂಡರಿನಲ್ಲಿ ಕಾಲುವೆ.

ಆಮೇಲೆ ಬಚ್ಚಲ ಒಲೆ. ತೆಂಗಿನ ಚಿಪ್ಪು, ಹಲಸಿನ ಸೌದೆ ಹಾಕಿ ಮುಕ್ಕಾಲು ಗಂಟೆ ಕಾಯಿಸಿದೆ. ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಕೂರದೆ ಉರುಳಾಡಬೇಕು. ಒಲೆಬಾಯಲ್ಲೇ ಎಪ್ಪತ್ತು ಆಂಪ್ ಆಸುಪಾಸು ಇಟ್ಟು ಅರ್ಧ ಇಂಚು ಗೆರೆ, ತಕ್ಷಣ ಸಣ್ಣ ಸುತ್ತಿಗೆಯಲ್ಲಿ ಟಕಟಕ ಬಡಿಯೋದು, ಮೂವತ್ತು ಎಣಿಸೋದು, ಮತ್ತೆ ಅರ್ಧ ಇಂಚು. ಮುಗಿದ ಮೇಲೆ ಒಲೆಯ ಬಿಸಿ ಬೂದಿಯಲ್ಲೇ ಹೂತು ತಗಡು ಮುಚ್ಚಿದೆ. ಅವತ್ತು ಸಂಜೆ ಯಾರಿಗೂ ಸ್ನಾನಕ್ಕೆ ಬಿಸಿನೀರಿಲ್ಲ, ಬೈಗುಳ ನನ್ನ ಪಾಲಿಗೆ. ಬೆಳಿಗ್ಗೆ ಬೂದಿ ಕೆದಕಿ ತೆಗೆದಾಗಲೂ ಕೈಗೆ ಬೆಚ್ಚಗೆ ತಾಗಿತು. ಬೂದಿಗೆ ಇನ್ನೊಂದು ಪದಾರ್ಥ ಬೆರೆಸಿದ್ದೆ, ಗೆರೆ ಯಾವ ತುದಿಯಿಂದ ಶುರು ಮಾಡಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಅವೆರಡು ನನ್ನಲ್ಲೇ ಇರಲಿ, ಹೊಟ್ಟೆಪಾಡಿನ ವಿಷಯ. ದಪ್ಪ ಗಾಜಿನ ಮೇಲೆ ಎಮೆರಿ ಹಾಳೆ ಹಾಸಿ ಮುಖ ಉಜ್ಜಿ, ಹೊಸ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಹಾಕಿ ಕೂರಿಸಿದೆ. ಟಿಕ್ ಟಿಕ್ ಹೋಯಿತು.

ಮೂರು ವಾರಕ್ಕೆ ಮತ್ತೆ ಹೊಗೆ ವಾಸನೆ. ಎದೆ ಧಸಕ್ ಅಂತು. ಪೂರ್ತಿ ಬಿಚ್ಚಿದೆ, ಒಂದು ಗ್ಯಾಸ್ಕೆಟ್ ಹಾಳು, ವೆಲ್ಡಿಂಗಿಗೆ ಏನೂ ಆಗಿಲ್ಲ. ಆಮೇಲೆ ಲಕ್ಷ್ಯಕ್ಕೆ ಬಂತು: ವಾಸನೆ ಬರೋದು ಉದ್ದದ ಪೈಪು ಹೇರಿದ ದಿನ ಮಾತ್ರ. ಹಿಂದಿನ ಬಾಗಿಲು ಪೂರ್ತಿ ಮುಚ್ಚದೆ ಹಗ್ಗ ಕಟ್ಟಿಕೊಂಡು ಓಡಿಸುತ್ತಿದ್ದೆ, ಸೈಲೆನ್ಸರಿನಿಂದ ಹೊರಬಿದ್ದ ಹೊಗೆಯನ್ನು ಗಾಡಿ ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಪರೀಕ್ಷೆಗೆ ಒಂದು ದಿನ ಬಾಗಿಲು ಮುಚ್ಚಿ, ಒಂದು ದಿನ ತೆರೆದು ಜೋಗದ ತನಕ ಹೋಗಿಬಂದೆ. ಅನುಮಾನವೇ ಇಲ್ಲ. ಈಗ ಪೈಪೆಲ್ಲ ಮೇಲಿನ ಕ್ಯಾರಿಯರಿಗೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ದಂಡವಾದದ್ದೂ ಸೇರಿ ಮೂರು ಸಾವಿರದ ಹತ್ತಿರ. ಮೊದಲೇ ಗೊತ್ತಿದ್ದರೆ ಸಾವಿರದ ಇನ್ನೂರರಲ್ಲಿ ಮುಗೀತಿತ್ತು. ಹನ್ನೊಂದಕ್ಕೆ ಇಳಿದಿದ್ದ ಮೈಲೇಜು ಹದಿನಾಲ್ಕರ ಹತ್ತಿರ ಬಂದಿದೆ. ಬಿರುಕಿನಲ್ಲಿ ಹೊರಗಿನ ಗಾಳಿ ನುಗ್ಗಿದರೆ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಮ್ಮಿಯಾಯಿತು ಅಂತ ಸುಳ್ಳು ವರದಿ ಕೊಡುತ್ತದೆ, ಎಂಜಿನ್ನಿನ ಕಂಪ್ಯೂಟರ್ ಇಸಿಎಂ ಇನ್ನಷ್ಟು ಸುರಿಯುತ್ತದೆ. "ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ" ಅನ್ನುವವರಿದ್ದಾರೆ. ನನ್ನದೂ ಬಿರುಕಿನ ಸಮೇತ ಪಾಸಾಗಿತ್ತು. ಅವರು ಅಳೆಯೋದು ಸೈಲೆನ್ಸರ್ ತುದಿಯಲ್ಲಿ, ಸೀಟಿನ ಕೆಳಗೆ ಯಾರೂ ಪೈಪ್ ಹಿಡಿಯೋದಿಲ್ಲ.

ನಿಲ್ಲಲ್ಲ ಅಂದಿದ್ದ ಗ್ಯಾರೇಜಿನವರಲ್ಲಿ ಒಬ್ಬರು ಹೋದ ತಿಂಗಳು ಹಳೇ ಝೆನ್ ಕಾರಿನ ಮ್ಯಾನಿಫೋಲ್ಡ್ ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದರು. ಎಂಟುನೂರು ತಗೊಂಡೆ. ಹೊರಡುವಾಗ ನನ್ನ ಓಮ್ನಿ ಹಿಂದೆ ಬಗ್ಗಿ ನೋಡಿ, "ಡಬ್ಬಿ ತೂತು ಬಿದ್ದಿದೆಯಲ್ಲೋ" ಅಂದರು. ಬಿದ್ದಿದೆ, ಬೆರಳು ಹೋಗುವಷ್ಟು. ಸದ್ಯಕ್ಕೆ ತಂತಿ ಬಿಗಿದಿದ್ದೇನೆ, 2027ರ ತನಕ ಅದಕ್ಕೆ ರಾಡು ಮುಟ್ಟಿಸುವ ಯೋಚನೆ ಇಲ್ಲ.