ಫ್ರೆಟ್ ಬದಲಿಸದೆ ಬಝ್ ಹೋಯಿತು

ನನ್ನ ಗಿಟಾರ್ ಬಾರಿಸಿದರೆ ತಂತಿ ಜರ್ ಅನ್ನುವ ಬಝ್. ಫ್ರೆಟ್ (ನೆಕ್ ಅಂದರೆ ಗಿಟಾರ್‌ನ ಕತ್ತಿನ ಮೇಲಿನ ಲೋಹದ ಪಟ್ಟಿ) ಸವೆದಿದೆ, ಎಲ್ಲಾ ಕಿತ್ತು ಹೊಸದು ಹಾಕಬೇಕು, ಒಂಬತ್ತು ಸಾವಿರ ಆಗುತ್ತದೆ ಅಂತ ಅಂಗಡಿಯವರು ಹೇಳಿದ್ದರು. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರೂ ಅದನ್ನೇ ಹೇಳಿದರು. "ಕೊಟ್ಟುಬಿಡಿ ಮಾರಾಯ್ರೇ, ನೆಕ್‌ಗೆ ಕೈ ಹಾಕಿ ಹಾಳು ಮಾಡಬೇಡಿ." ನಾನು ಕೊಡಲಿಲ್ಲ. ಈಗ ಅದೇ ಗಿಟಾರ್ ಗಂಟೆ ಹೊಡೆದ ಹಾಗೆ ಕೇಳುತ್ತದೆ.

ತುಳುನಾಡಿನ ಪತ್ತನಾಜೆ ಕಳೆದು ಕಾರ್ಯಕ್ರಮಗಳು ನಿಂತ ಸಮಯ. ತಂತಿ ಎಳೆದು ಬೆಂಡ್ ಮಾಡುವಾಗ ಬೆರಳು ನೋಯುತ್ತದೆ ಅಂತ ನನ್ನ ಸ್ಟ್ರಾಟ್‌ಗೆ (ಸ್ಟ್ರಾಟೋಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್) 10ರ ತಂತಿ ಸೆಟ್ ಬಿಟ್ಟು ಅದಕ್ಕಿಂತ ತೆಳ್ಳಗಿನ 9ರ ಸೆಟ್ ಹಾಕಿದೆ. ಆರೂ ತಂತಿ ಒಟ್ಟಿಗೆ ಬಿಚ್ಚಿದ್ದು ಮೊದಲ ತಪ್ಪು. ಸ್ಪ್ರಿಂಗ್ ಎಳೆದು ಬ್ರಿಜ್ (ತಂತಿ ಕೂರುವ ಕುದುರೆ) ಹಿಂದಕ್ಕೆ ಕೂತಿತು, ಆ ಸಂಜೆಯೆಲ್ಲಾ ಟ್ಯೂನ್ ನಿಲ್ಲಲಿಲ್ಲ. ಈಗ ಒಂದೊಂದೇ ತಂತಿ ಬದಲಿಸುತ್ತೇನೆ.

ವಾರದೊಳಗೆ ಒಂದರಿಂದ ಐದನೇ ಫ್ರೆಟ್‌ವರೆಗೆ ಜರ್ ಅನ್ನೋಕೆ ಶುರು. ಬ್ರಿಜ್ ಮೇಲೆ ತಂತಿ ಹೊರುವ ಸ್ಯಾಡಲ್ ಎತ್ತಿದೆ. ಬಝ್ ಸ್ವಲ್ಪ ತಗ್ಗಿತು, ಆದರೆ ಕೈ ಸೋಲುತ್ತಿತ್ತು, 12ನೇ ಫ್ರೆಟ್‌ನಲ್ಲಿ ಶ್ರುತಿ ಮೇಲೆ ಹೋಗುತ್ತಿತ್ತು. ತಂತಿಯೇ ಸರಿ ಇಲ್ಲ ಅಂದುಕೊಂಡು ಇನ್ನೆರಡು ಸೆಟ್ ತಂದೆ. ಒಂದೊಂದಕ್ಕೆ ಆರುನೂರೈವತ್ತು. ಸುಮ್ನೆ ದುಡ್ಡು ಹೋಯಿತು.

ಆಮೇಲೆ ಬೈಕ್ ಗ್ಯಾರೇಜಿನಲ್ಲಿ ವಾಲ್ವ್ ಸೆಟ್ ಮಾಡುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ನೋಡಿದೆ. ಅಂಥದ್ದೇ ಒಂದು ನೂರೈವತ್ತಕ್ಕೆ ಸಿಕ್ಕಿತು. ಒಂದನೇ ಫ್ರೆಟ್‌ಗೆ ತಂತಿ ಒತ್ತಿಹಿಡಿಯುವ ಕ್ಯಾಪೊ, ಕೊನೆಯ ಫ್ರೆಟ್ ಮೇಲೆ ಬೆರಳು, ಏಳನೇ ಫ್ರೆಟ್‌ಗೂ ತಂತಿಗೂ ನಡುವಿನ ಸಂದಿನ ಅಳತೆ. 0.05 ಎಂಎಂ ಎಲೆಯೂ ತೂರಲಿಲ್ಲ. ಬೇಕಾದದ್ದು 0.25ರ ಹತ್ತಿರ. ಕಾಯಿಲೆ ಅಲ್ಲೇ ಗೊತ್ತಾಯಿತು. 10ರಿಂದ 9ಕ್ಕೆ ಬಂದರೆ ಒಟ್ಟು ಎಳೆತ ಸುಮಾರು 46 ಕೆಜಿಯಿಂದ 38ಕ್ಕೆ ಇಳಿಯುತ್ತದೆ. ತಂತಿಯ ಎಳೆತಕ್ಕೆ ಎದುರಾಗಿ ನೆಕ್ ಹಿಡಿದಿಡುವ ಒಳಗಿನ ರಾಡ್ ಮಾತ್ರ ಹಳೆಯ ಬಿಗಿಯಲ್ಲೇ ಇರುತ್ತದೆ. ನೆಕ್ ಹಿಂದಕ್ಕೆ ಬಾಗದೆ ಇನ್ನೇನು ಮಾಡೀತು?

4 ಎಂಎಂ ಅಲೆನ್ ಕೀ ಹಾಕಿ ರಾಡನ್ನು ಕಾಲು ಸುತ್ತು ಸಡಿಲಿಸಿದೆ. ಟಕ್ ಅಂತ ಸದ್ದಾಯಿತು, ಎದೆ ಧಸಕ್ಕೆಂದಿತು. ಏನೂ ಆಗಿರಲಿಲ್ಲ. ರಾತ್ರಿ ಹಾಗೇ ಬಿಟ್ಟೆ. ಮರಕ್ಕೆ ಹೊತ್ತು ಬೇಕು, ಅವಸರ ಮಾಡಿದವರೇ ನೆಕ್ ಕೆಡಿಸಿಕೊಳ್ಳುವುದು. ಬೆಳಿಗ್ಗೆ 0.15 ಬಂತು. ಇನ್ನರ್ಧ ಕಾಲು ಸುತ್ತು. ಮೂರನೇ ದಿನ 0.25 ಎಲೆ ತಂತಿಯನ್ನು ಸವರಿಕೊಂಡು ಹೋಯಿತು. ಸ್ಯಾಡಲ್ ಮತ್ತೆ ಇಳಿಸಿದೆ, 17ನೇ ಫ್ರೆಟ್‌ನಲ್ಲಿ ಒಂದೂವರೆ ಎಂಎಂ ಚಿಲ್ಲರೆ.

ಆದರೂ ಓಪನ್ ಜಿ ತಂತಿ ಮಾತ್ರ ಸಿತಾರ್ ಥರ ಝೇಂಕರಿಸುತ್ತಿತ್ತು. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ಹತ್ತಿ ದಾರ ಸಿಕ್ಕಿಸಿ ಝೇಂಕಾರ ತರುತ್ತಾರೆ ಅಲ್ವಾ? ಕುತೂಹಲಕ್ಕೆ ನಾನೂ ಸ್ಯಾಡಲ್ ಮೇಲೆ ದಾರ ಇಟ್ಟು ನೋಡಿದೆ. ನಾದವೇ ಸತ್ತುಹೋಯಿತು. ತಂಬೂರಿಯ ಕುದುರೆ ಅಗಲ, ನಮ್ಮ ಸ್ಯಾಡಲ್ ಕಿರಿದು. ಆದರೆ ಅದರಿಂದಲೇ ದಾರಿ ಹೊಳೆಯಿತು. ನಟ್‌ನಲ್ಲಿ (ನೆಕ್ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ತಂತಿ ಕೂರುವ ಕಚ್ಚು ಸವೆದು ತಳ ಚಪ್ಪಟೆಯಾಗಿತ್ತು, ತಂತಿ ಅದರ ಉದ್ದಕ್ಕೂ ತಾಗಿ ಕುಣಿಯುತ್ತಿತ್ತು. ಮುಂದಿನ ಅಂಚು ಮುಟ್ಟದೆ, ಹೆಡ್ ಕಡೆಗೆ ಇಳಿಜಾರು ಬರುವ ಹಾಗೆ ಉಜ್ಜಿದೆ. ಯಾವುದರಿಂದ ಉಜ್ಜಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದೇ ಉತ್ಸಾಹದಲ್ಲಿ ದಪ್ಪ ಇ ತಂತಿಯ ಕಚ್ಚನ್ನೂ ಜಾಸ್ತಿ ಉಜ್ಜಿ ಆಳ ಮಾಡಿಬಿಟ್ಟೆ. ಬೇಕಿಂಗ್ ಸೋಡಾ ತುಂಬಿ, ಒಂದು ಹನಿ ಫೆವಿಕ್ವಿಕ್ ಬಿಟ್ಟು, ಗಟ್ಟಿಯಾದ ಮೇಲೆ ಮತ್ತೆ ಕೆತ್ತಿದೆ. ಇವತ್ತಿಗೂ ಗಟ್ಟಿಯಾಗಿದೆ.

ತಂತಿ, ಗೇಜ್, ಕೀ ಎಲ್ಲಾ ಸೇರಿ ಎರಡು ಸಾವಿರದ ಇನ್ನೂರು ಆಗಿರಬಹುದು.

ಮೊನ್ನೆ ಕೀಬೋರ್ಡಿನವರು ಮಗನ ಗಿಟಾರ್ ತಂದುಕೊಟ್ಟರು. ಅದರಲ್ಲಿ 14ನೇ ಫ್ರೆಟ್ ಒಂದರಲ್ಲೇ ಬಝ್, ಅದಕ್ಕೆ ರಾಡ್ ಮುಟ್ಟಿ ಪ್ರಯೋಜನ ಇಲ್ಲ. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಮೂರು ಫ್ರೆಟ್ ಮೇಲೆ ಅಡ್ಡ ಇಟ್ಟರೆ 15ನೆಯದರ ಮೇಲೆ ತೂಗಾಡುತ್ತಿತ್ತು. ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟೆ, ಫ್ರೆಟ್ ಕೂತಿತು.