ದೆವ್ವಕ್ಕೆ ಹಿಟ್ ಪಾಯಿಂಟ್ ಬೇಡ

ಸೋಮವಾರಪೇಟೆ ಕಡೆ ಜುಲೈನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಸಂಜೆಯಾದರೆ ಕರೆಂಟು ಇರುವುದಿಲ್ಲ, ತೋಟದಲ್ಲಿ ಕೆಲಸವೂ ಕಡಿಮೆ. ಅಂಥ ಒಂದು ಮಳೆಗಾಲದಲ್ಲಿ ನಾನು, ನನ್ನ ತಮ್ಮ, ಚಿಕ್ಕಪ್ಪನ ಮಗಳು, ಪಕ್ಕದ ತೋಟದ ಗೆಳೆಯ ಸೇರಿ ‘ಸೂಪರ್‌ನ್ಯಾಚುರಲ್’ ಸೀರಿಯಲ್‌ನ ಲೋಕವನ್ನು ಮೇಜಿನ ಮೇಲೆ ಆಡಲು ಕೂತೆವು. ಒಬ್ಬರು ಕಥೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುವುದು, ಏನಾಗುತ್ತದೋ ಗೊತ್ತಿಲ್ಲದ ಕಡೆ ದಾಳ ಹಾಕುವುದು. ಆಟ ಇಷ್ಟೇ. ಕಥೆ ನಡೆಸುವವನು ನಾನು.

ಈ ಸೀರಿಯಲ್ 2005ರಿಂದ 2020ರವರೆಗೆ 15 ಸೀಸನ್, 327 ಕಂತು ನಡೆಯಿತು. ಕ್ಯಾನ್ಸಸ್‌ನ ಸ್ಯಾಮ್, ಡೀನ್ ಎಂಬ ಅಣ್ಣತಮ್ಮ 1967ರ ಇಂಪಾಲಾ ಕಾರಿನಲ್ಲಿ ಊರೂರು ಸುತ್ತಿ ದೆವ್ವ ಪಿಶಾಚಿ ಬೇಟೆಯಾಡುತ್ತಾರೆ. 2009ರಲ್ಲಿ ಇದಕ್ಕೇ ಅಂತ ಕಾರ್ಟೆಕ್ಸ್ ಎಂಬ ನಿಯಮಗಳ ಮೇಲೆ ಕಟ್ಟಿದ ಮೇಜಿನ ಆಟವೂ ಬಂದಿತ್ತು. ಆ ಪುಸ್ತಕ ನಮ್ಮ ಹತ್ತಿರ ಇರಲಿಲ್ಲ. ಇದ್ದದ್ದು ಇದೇ ಥರದ ಇನ್ನೊಂದು ಆಟ, ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ. ಅದರಲ್ಲೇ ಶುರು ಮಾಡಿದೆ.

ಆ ಪುಸ್ತಕದಲ್ಲಿ ದೆವ್ವಕ್ಕೆ 45 ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಡೆಯುತ್ತದೆ ಅನ್ನುವ ಲೆಕ್ಕ. ಮೂವರೂ ಸುತ್ತ ನಿಂತು ಹೊಡೆಯುತ್ತಾ ಹೋದರು, ನಾನು 45ರಿಂದ ಕಳೆಯುತ್ತಾ ಹೋದೆ. ಸೊನ್ನೆಯಾದ ಕೂಡಲೇ ದೆವ್ವ ಸತ್ತಿತು. ಯಾರಿಗೂ ಭಯ ಆಗಲಿಲ್ಲ. ಸತ್ತವಳು ಯಾರು, ಯಾಕೆ ಬಂದಳು ಅಂತ ಒಬ್ಬರೂ ಕೇಳಲಿಲ್ಲ. ಸೀರಿಯಲ್‌ನಲ್ಲಿ ಹಾಗಲ್ಲ. ಕಬ್ಬಿಣದಲ್ಲಿ ಹೊಡೆದರೆ ದೆವ್ವ ಚದುರಿಹೋಗುತ್ತದೆ, ಮತ್ತೆ ಬರುತ್ತದೆ. ಗೋರಿ ತೋಡಿ, ಎಲುಬಿಗೆ ಉಪ್ಪು ಹಾಕಿ ಸುಡುವವರೆಗೂ ಬರುತ್ತಲೇ ಇರುತ್ತದೆ. ಕೆಲವು ಸಲ ಎಲುಬು ಸುಟ್ಟರೂ ಸಾಲದು, ಎಲ್ಲೋ ಒಂದು ಕೂದಲೆಳೆ ಉಳಿದಿರುತ್ತದೆ. ಅಲ್ಲಿ ಹೊಡೆದಾಟಕ್ಕಿಂತ ಹುಡುಕಾಟವೇ ಮುಖ್ಯ ಅಲ್ವಾ? ನಿಯಮವೂ ಅದಕ್ಕೆ ತಕ್ಕ ಹಾಗೆ ಇರಬೇಕಿತ್ತು.

ಹಾಗಾಗಿ ಫೇಟ್ ಕೋರ್ ಎಂಬ ಬೇರೆ ನಿಯಮಪುಸ್ತಕಕ್ಕೆ ಬಂದೆ. 2013ರದ್ದು, ನಿಯಮಗಳು ಬಿಟ್ಟಿಯಾಗಿ ಓದಲು ಸಿಗುತ್ತವೆ. ಅದರಲ್ಲಿ ನಾಲ್ಕು ದಾಳ, ಪ್ರತಿಯೊಂದರಲ್ಲೂ ಪ್ಲಸ್, ಮೈನಸ್, ಖಾಲಿ ಅಂತ ಮೂರು ಗುರುತು. ಅಂಥ ದಾಳ ನಮ್ಮಲ್ಲಿ ಎಲ್ಲಿ ಸಿಗಬೇಕು? ಮೊದಲು ಚೌಕಾಬಾರದ ಕವಡೆ ನೋಡಿದೆ. ಸರಿಯಾಗಿ ನಾಲ್ಕಿದ್ದವು, ಆದರೆ ಕವಡೆ ಬೀಳುವುದು ಎರಡೇ ಥರ. ಕೊನೆಗೆ ನಾಲ್ಕು ಲೂಡೋ ದಾಳ ತಂದು ತಂಗಿಯ ನೇಲ್ ಪಾಲಿಶ್‌ನಲ್ಲಿ 1, 2 ಇದ್ದ ಮುಖಕ್ಕೆ ಕೆಂಪು (ಮೈನಸ್), 5, 6 ಇದ್ದ ಮುಖಕ್ಕೆ ನೀಲಿ (ಪ್ಲಸ್) ಬಳಿದೆ. 3, 4 ಹಾಗೇ ಬಿಟ್ಟೆ. ಆ ತೇವದಲ್ಲಿ ಒಣಗಲು ಒಂದು ದಿನ ಹಿಡಿಯಿತು. ಕಷ್ಟದ ಹೊತ್ತಿಗೆ ಖರ್ಚು ಮಾಡುವ ಫೇಟ್ ಪಾಯಿಂಟ್‌ಗೆ ಕಾಫಿ ಬೀಜ, ಒಬ್ಬೊಬ್ಬರಿಗೆ ಮೂರು.

ಆಮೇಲೆ ನಿಜವಾದ ಕೆಲಸ. ಪ್ರತಿ ದೆವ್ವಕ್ಕೂ ಮೂರು ಪ್ರಶ್ನೆ ಬರೆದುಕೊಂಡೆ: ಇದು ಯಾರು, ಯಾಕೆ ಬಂದಿದೆ, ಯಾವುದಕ್ಕೆ ಅಂಟಿಕೊಂಡಿದೆ. ಮೂರಕ್ಕೂ ಉತ್ತರ ಸಿಗುವ ತನಕ ಎಷ್ಟೇ ಹೊಡೆದರೂ ಅದು ಆ ಸೀನ್‌ನಿಂದ ಮಾತ್ರ ಹೋಗುತ್ತದೆ. ಸಿಕ್ಕ ಸುಳಿವನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡುತ್ತೇವೆ. ಫೇಟ್‌ನಲ್ಲಿ ಇದಕ್ಕೆ ಆಸ್ಪೆಕ್ಟ್ ಅನ್ನುತ್ತಾರೆ. ಹುಡುಕಿ ಗಳಿಸಿದ ಆಸ್ಪೆಕ್ಟನ್ನು ಒಂದು ಸಲ ಪುಕ್ಕಟೆ ಬಳಸಬಹುದು, ಬಳಸಿದರೆ ಎರಡು ಅಂಕ ಜಾಸ್ತಿ.

ಇದರ ಬೆಲೆ ಎರಡನೇ ಕಥೆಯಲ್ಲಿ ಗೊತ್ತಾಯಿತು. ಲಾಕೆಟ್ ಸುಡಬೇಕು, ದೆವ್ವ ಅಡ್ಡ ನಿಂತಿದೆ, ಅದರ ಬಲ 6. ಕೌಶಲಕ್ಕೆ ದಾಳ ಸೇರಿಸಿ ಅದನ್ನು ಮೀರಬೇಕು. ತಂಗಿಯ ಕೌಶಲ 2. ಅವಳು ಹಾಕಿದ ದಾಳದಲ್ಲಿ ಮೂರು ಕೆಂಪು, ಒಂದು ಖಾಲಿ. ಒಟ್ಟು ಮೈನಸ್ ಒಂದು. ಯಾರೂ ಮಾತಾಡಲಿಲ್ಲ. ಅವಳು ಚೀಟಿಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳಿದಳು. ‘ಮುಳುಗಿದ ದಿನ ಮದುವೆ ಸೀರೆ ಉಟ್ಟಿದ್ದಳು’, ‘ಗಂಡ ಸುಳ್ಳು ಹೇಳಿದ’, ‘ಬಾವಿಗೆ ಕಲ್ಲು ಮುಚ್ಚಿದ್ದಾರೆ’, ‘ಲಾಕೆಟ್‌ನಲ್ಲಿ ಕೂದಲಿದೆ’. ನಾಲ್ಕು ಚೀಟಿಗೆ ಎಂಟು. “ಏಳಾಯ್ತು ಅಣ್ಣ” ಅಂದಳು. ಮೂರು ವಾರ ಹುಡುಕಿದ್ದೆಲ್ಲ ಆ ಒಂದು ಹೊತ್ತಿಗೆ ಕೆಲಸಕ್ಕೆ ಬಂತು. ನನಗೆ ಬೇಕಾಗಿದ್ದು ಇದೇ.

ಅಮೆರಿಕದ ಬಾವಿಗೆ ಮದುವೆ ಸೀರೆ ಹೇಗೆ ಬಂತು ಅಂತ ಗೆಳೆಯ ಕೇಳಿದ. ಗೌನ್ ಅಂತ ತಿದ್ದಿದೆವು, ಆದರೂ ಎಲ್ಲರ ಬಾಯಲ್ಲಿ ಸೀರೆಯೇ ಉಳಿಯಿತು.

ಒಂದು ತಪ್ಪು ಮಾತ್ರ ಮಾಡಬೇಡಿ. ಮೊದಲ ಕಥೆಯಲ್ಲಿ ಸುಳಿವು ಸಿಗುವುದನ್ನು ದಾಳಕ್ಕೆ ಬಿಟ್ಟಿದ್ದೆ. ದಾಳ ಕೈಕೊಟ್ಟಿತು, ಕಥೆ ಅಲ್ಲೇ ನಿಂತಿತು. ಈಗ ಸರಿಯಾದ ಜಾಗದಲ್ಲಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ. ದಾಳ ಹೇಳುವುದು ಅದಕ್ಕೆ ಏನು ತೆರಬೇಕು ಅಂತ: ಪೊಲೀಸ್ ಬಂದನೇ, ಗಾಯವಾಯಿತೇ, ನಕಲಿ ಎಫ್‌ಬಿಐ ಕಾರ್ಡು ಸಿಕ್ಕಿಬಿತ್ತೇ.

ಕೌಶಲಗಳು ಮೂಲದಲ್ಲಿ 18. ಹಣಬಲದ ಕೌಶಲ ತೆಗೆದೆ, ಆ ಅಣ್ಣತಮ್ಮ ಬದುಕುವುದೇ ಕಳ್ಳ ಕ್ರೆಡಿಟ್ ಕಾರ್ಡಿನಲ್ಲಿ. ಫೇಟ್‌ನಲ್ಲಿ ಯಾವ ವಸ್ತುವನ್ನಾದರೂ ಪಾತ್ರದ ಹಾಗೆ ಬರೆಯಬಹುದು, ಹಾಗಾಗಿ ಕಾರಿಗೂ ಒಂದು ಹಾಳೆ ಬರೆದೆ.

ಉಪ್ಪು, ಕಬ್ಬಿಣದ ವಿಷಯ ಯಾರಿಗೂ ವಿವರಿಸಬೇಕಾಗಲಿಲ್ಲ. ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿ ಒಲೆಗೆ ಹಾಕುವುದನ್ನು, ಮಗುವಿನ ತಲೆದಿಂಬಿನ ಕೆಳಗೆ ಕಬ್ಬಿಣ ಇಡುವುದನ್ನು ನೋಡಿ ಬೆಳೆದವರು ನಾವು. ಹಾಗಾದರೆ ಕಥೆಯನ್ನೇ ಕೊಡಗಿಗೆ ತರೋಣ, ಗುಳಿಗ ದೈವವನ್ನೂ ಹಾಕೋಣ ಅಂದ ತಮ್ಮ. ನಾನು ಒಪ್ಪಲಿಲ್ಲ. ಗೆಳೆಯನ ಮನೆಯವರು ಕೈಮಡದಲ್ಲಿ, ಅಂದರೆ ಮನೆತನದ ಹಿರಿಯರ ಗುಡಿಯಲ್ಲಿ, ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಗುಳಿಗನಿಗೆ ಹರಕೆ ಹೊತ್ತವರು ನಮ್ಮ ತೋಟದಲ್ಲೇ ಇದ್ದಾರೆ. ಅವರು ನಂಬಿ ಕೈಮುಗಿಯುವುದನ್ನು ಸುಟ್ಟು ಗೆಲ್ಲುವ ವಸ್ತು ಮಾಡಲು ನನಗೆ ಮನಸ್ಸಿಲ್ಲ. ಕಥೆ ಅಮೆರಿಕದಲ್ಲೇ ಇದೆ. ಮಂಜು, ಜಿಗಣೆ, ಕತ್ತಲಲ್ಲಿ ನಾಯಿ ಊಳಿಡುವುದು ಮಾತ್ರ ನಮ್ಮೂರಿನದು.

ಕೊನೆಗೆ ಸೇರಿಸಿದ್ದು ನಾಲ್ಕುದಾರಿಯ ಒಪ್ಪಂದ. ಸೀರಿಯಲ್‌ನಲ್ಲಿ ನಾಲ್ಕುದಾರಿ ಕೂಡುವಲ್ಲಿ ಪಿಶಾಚಿಗೆ ಆತ್ಮ ಮಾರಿದವರಿಗೆ ಸಾಮಾನ್ಯವಾಗಿ ಹತ್ತು ವರ್ಷ ಸಿಗುತ್ತದೆ, ತಮ್ಮನನ್ನು ಬದುಕಿಸಿಕೊಂಡ ಡೀನ್‌ಗೆ ಸಿಕ್ಕಿದ್ದು ಒಂದೇ ವರ್ಷ. ನಮ್ಮ ನಿಯಮ: ಯಾವುದೇ ಸೋಲನ್ನು ಗೆಲುವು ಮಾಡಿಕೊಳ್ಳಬಹುದು, ಆದರೆ ಅಲ್ಲಿಂದ ಹತ್ತನೇ ಆಟಕ್ಕೆ ಆ ಪಾತ್ರ ಮುಗಿಯಿತು. ಯಾರೂ ತೆಗೆದುಕೊಳ್ಳುವುದಿಲ್ಲ ಅಂದುಕೊಂಡಿದ್ದೆ. ಗೆಳೆಯನ ಪಾತ್ರ ಸಾಯುವ ಹೊತ್ತಿಗೆ ತಮ್ಮ ತನ್ನ ಮೂರೂ ಕಾಫಿ ಬೀಜ ನನ್ನ ಕಡೆ ತಳ್ಳಿ, “ನಾನು ನಾಲ್ಕುದಾರಿಗೆ ಹೋಗ್ತೀನಿ” ಅಂದ. ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಏಳು ಗೆರೆ ಇದೆ. ಈ ಭಾನುವಾರ ಎಂಟನೆಯದು.