ಮಕ್ಕಳಿಗೆ ಸೊಳ್ಳೆ ಕಚ್ಚದಿರಲು: ಕೆಲಸ ಶುರುವಾಗಬೇಕಾದದ್ದು ಅಂಗಳದಿಂದ

ಜುಲೈ-ಆಗಸ್ಟಿನ ಕಕ್ಕಡ ಮಾಸದ ಜಡಿಮಳೆ ಒಂದೇ ಸಮನೆ ಸುರಿಯುವಾಗ ಬಕೆಟ್ಟು, ಕುಂಡಗಳೆಲ್ಲ ಉಕ್ಕಿ ಹರಿದು ಅವುಗಳಲ್ಲಿದ್ದ ಸೊಳ್ಳೆ ಮರಿಗಳೂ ಕೊಚ್ಚಿಹೋಗುತ್ತವೆ. ಕೊಡಗಿನಲ್ಲಿ ಸೊಳ್ಳೆ ಕಾಟ ಜೋರಾಗುವುದು ಮಳೆ ಬಿಟ್ಟು ಬಿಟ್ಟು ಬರುವಾಗ. ಕಾಫಿ ಗಿಡದ ಹೂ ಅರಳಿಸುವ ಬೇಸಿಗೆಯ ಹೂಮಳೆಯ ನಂತರ, ಮುಂಗಾರು ಹಿಡಿಯುವ ಹೊತ್ತಿಗೆ, ಮತ್ತೆ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಮಳೆ ಎರಡೂ ಬೀಳುವ ದಿನಗಳಲ್ಲಿ ಮಕ್ಕಳ ಮೊಣಕಾಲ ಕೆಳಗೆಲ್ಲ ಕೆಂಪು ದದ್ದುಗಳು ಏಳುತ್ತವೆ. ಆಗ ಮನೆಯವರು ಅಂಗಡಿಗೆ ಓಡಿ ಸುರುಳಿಯನ್ನೋ ಸ್ಪ್ರೇಯನ್ನೋ ತರುತ್ತಾರೆ.

ಸುರುಳಿಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಸೊಳ್ಳೆ ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು. ಮಳೆ, ಚಳಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಮಲಗುವ ನಮ್ಮ ಕೋಣೆಗಳಲ್ಲಿ ಆ ಹೊಗೆ ಎಲ್ಲಿ ಹೋಗಬೇಕು? ಮಗುವಿನ ಶ್ವಾಸಕೋಶಕ್ಕೇ ಹೋಗುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಯಂತ್ರವಂತೂ ಮರ ಬಿದ್ದು ಕರೆಂಟು ಹೋದ ಕ್ಷಣದಿಂದ ನಿಷ್ಪ್ರಯೋಜಕ; ಇಲ್ಲಿ ಮಳೆಗಾಲದಲ್ಲಿ ಅದು ಹೊಸ ಸಂಗತಿಯೂ ಅಲ್ಲ.

ಮೊದಲು ಸೊಳ್ಳೆಯ ಹೊತ್ತು ತಿಳಿಯಿರಿ

ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಹಗಲಿನದು. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಇದರಲ್ಲಿ ಎರಡು ಬಗೆ. ಒಂದು ಪೇಟೆ ಮನೆಗಳ ಒಳಗೇ ಕಿಟಕಿ ಪರದೆಯ ಹಿಂದೆ, ಮಂಚದ ಕೆಳಗೆ ಅಡಗುತ್ತದೆ. ಇನ್ನೊಂದರ ಬೆನ್ನ ಮೇಲೆ ಉದ್ದಕ್ಕೆ ಒಂದೇ ಬಿಳಿ ಗೆರೆ ಇರುತ್ತದೆ. ಅದಕ್ಕೆ ತೋಟದ ನೆರಳು, ಮರದ ಪೊಟರೆ, ಬಿದಿರ ಬುಡವೇ ಇಷ್ಟ. ಎರಡೂ ಹೆಚ್ಚಾಗಿ ಕಚ್ಚುವುದು ಬೆಳಗಿನ ಹೊತ್ತು ಮತ್ತು ಸಂಜೆ ಸೂರ್ಯ ಮುಳುಗುವ ಮೊದಲಿನ ಒಂದೆರಡು ಗಂಟೆ. ಅಂದರೆ ಮಕ್ಕಳು ಶಾಲೆಯ ಬಸ್ಸಿಗೆ ಕಾಯುವ ಹೊತ್ತು, ಮನೆಗೆ ಬಂದು ಅಂಗಳದಲ್ಲಿ ಆಡುವ ಹೊತ್ತು. ರಾತ್ರಿ ಒಂಬತ್ತಕ್ಕೆ ಮಲಗುವ ಕೋಣೆಯಲ್ಲಿ ಏನು ಹಚ್ಚಿಟ್ಟರೂ ಆ ಕಡಿತ ಆಗಲೇ ಆಗಿ ಹೋಗಿರುತ್ತದೆ. ಮಲೇರಿಯಾ ತರುವ ಅನಾಫಿಲಿಸ್, ಚರಂಡಿಯ ಕ್ಯೂಲೆಕ್ಸ್ ಇವು ರಾತ್ರಿಯವು. ಎರಡೂ ಪಾಳಿಗೆ ಸಿದ್ಧತೆ ಬೇಕು.

ವಾರಕ್ಕೊಮ್ಮೆ ಮನೆಯ ಸುತ್ತ

ಬೆಚ್ಚಗಿನ ದಿನಗಳಲ್ಲಿ ಸೊಳ್ಳೆಯ ಮೊಟ್ಟೆ ಬಲಿತು ರೆಕ್ಕೆ ಬರಲು 7ರಿಂದ 10 ದಿನ ಸಾಕು. ಚಳಿಯಿದ್ದರೆ ಸ್ವಲ್ಪ ತಡ. ಆದ್ದರಿಂದ ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಆ ಸಂತತಿ ಅಲ್ಲಿಗೇ ಮುಗಿಯುತ್ತದೆ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇದಕ್ಕೆಂದೇ ಇಡಿ. ಈಡಿಸ್ ಹೆಚ್ಚು ದೂರ ಹಾರುವುದಿಲ್ಲ. ನಿಮ್ಮ ಮಗುವಿಗೆ ಕಚ್ಚುವ ಸೊಳ್ಳೆ ಬಹುಪಾಲು ನಿಮ್ಮ ಅಂಗಳದಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದು.

ಕೊಡಗಿನ ಮನೆಗಳಲ್ಲಿ ಹುಡುಕಬೇಕಾದ ಜಾಗಗಳೇ ಬೇರೆ. ಆಂಥೂರಿಯಂ, ಬಿಗೋನಿಯಾ ಕುಂಡಗಳ ಅಡಿಯ ತಟ್ಟೆ. ಸೌದೆಗೋ ಗೊಬ್ಬರಕ್ಕೋ ಹೊದಿಸಿದ ಟಾರ್ಪಾಲಿನ ಗುಳಿ. ಹೊರಗೆ ಬಿಟ್ಟ ಗಂಬೂಟು, ಜೋಡಿಸಿಟ್ಟ ಮಂಗಳೂರು ಹೆಂಚು. ಕೋಳಿಗೆ ನೀರಿಡುವ ಪಾತ್ರೆ, ದನದ ನೀರಿನ ತೊಟ್ಟಿ, ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು. ಬೇಲಿಗೆ ಕಡಿದ ಬಿದಿರು ಗೆಣ್ಣಿನ ಮೇಲೆ ಬಟ್ಟಲಾಗಿ ಉಳಿದಿದ್ದರೆ ಗೆಣ್ಣಿಗೆ ಸಮನಾಗಿ ಮತ್ತೆ ಕಡಿಯಿರಿ. ಗೇಟಿನ ಕಬ್ಬಿಣದ ಕೊಳವೆಯ ಬಾಯಿಗೆ, ಮರದ ಪೊಟರೆಗೆ ಮರಳು ತುಂಬಿ. ಸೂರಿನ ನೀರು ಹರಿಯುವ ತಗಡಿನ ದೋಣಿಯಲ್ಲಿ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡರೆ ಅಲ್ಲೂ ನೀರು ನಿಲ್ಲುತ್ತದೆ. ಏಣಿ ಹಾಕಿ ನೋಡದೆ ಅದು ಗೊತ್ತಾಗುವುದಿಲ್ಲ. ಮನೆಯೊಳಗೆ ಫ್ರಿಜ್ಜಿನ ಹಿಂಬದಿಯ ತಟ್ಟೆ ಮತ್ತು ಬಾಟಲಿಯ ಮನಿಪ್ಲಾಂಟ್ ಮರೆಯಬೇಡಿ.

ಚೆಲ್ಲಿದರೆ ಸಾಲದು, ಉಜ್ಜಬೇಕು. ಡ್ರಮ್ಮಿನ ಒಳಗೋಡೆಗೆ ಟಾರ್ಚು ಹಿಡಿದು ನೋಡಿ: ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಪ್ಪು ಚುಕ್ಕೆಗಳು ಅಂಟಿಕೊಂಡಿರುತ್ತವೆ. ಅವೇ ಈಡಿಸ್ ಮೊಟ್ಟೆಗಳು. ನೀರು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಹೂಮಳೆಯ ನಂತರ ಸೊಳ್ಳೆ ಒಮ್ಮೆಲೇ ಏಳುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಫೆಬ್ರವರಿಯಲ್ಲೇ, ಮಳೆ ಬೀಳುವ ಮೊದಲು, ಖಾಲಿ ಡ್ರಮ್ಮು ತೊಟ್ಟಿಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಮಗುಚಿ ಹಾಕಿ.

ಈ ಕೆಲಸಕ್ಕೆ ಮಕ್ಕಳನ್ನೂ ಕರೆದುಕೊಳ್ಳಿ. ನಿಂತ ನೀರಿನ ಮೇಲೆ ಕೈಯ ನೆರಳು ಬಿದ್ದ ಕೂಡಲೇ ಮರಿಗಳು ಬಳುಕುತ್ತ ತಳಕ್ಕಿಳಿಯುತ್ತವೆ. ಸ್ವಲ್ಪ ಹೊತ್ತಿಗೆ ಉಸಿರಾಡಲು ಮತ್ತೆ ಮೇಲೆ ಬಂದು ಬಾಲದ ಕೊಳವೆಯನ್ನು ನೀರಿನ ಅಂಚಿಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತವೆ. ಒಮ್ಮೆ ಇದನ್ನು ಕಂಡ ಮಗು ಮುಂದೆ ತಾನೇ ಹುಡುಕಿ ತೋರಿಸುತ್ತದೆ. ಆ ನೀರನ್ನು ಚರಂಡಿಗೆ ಸುರಿಯದೆ ಒಣ ಮಣ್ಣಿಗೆ ಚೆಲ್ಲಿ, ಅಲ್ಲಿ ಮರಿಗಳು ಸಾಯುತ್ತವೆ.

ಚೆಲ್ಲಲಾಗದ ನೀರಿಗೆ ಬಿಗಿ ಮುಚ್ಚಳ ಬೇಕು. ತಾವರೆ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು, ಆದರೆ ತೊಟ್ಟಿಯಿಂದಾಚೆಗೆ ಬೇಡ: ತೋಡಿಗೋ ಹೊಳೆಗೋ ಸೇರಿದರೆ ಕಾವೇರಿಯ ಸ್ಥಳೀಯ ಮೀನುಗಳಿಗೆ ತೊಂದರೆ. ಬಿಟಿಐ ಎಂಬ ಬ್ಯಾಕ್ಟೀರಿಯಾ ಪುಡಿಯೂ ಸಿಗುತ್ತದೆ. ಅದು ಸೊಳ್ಳೆ ಮರಿಗಳನ್ನು ಕೊಲ್ಲುತ್ತದೆ, ಮೀನು, ಮನುಷ್ಯರಿಗೆ ಹಾನಿಯಿಲ್ಲ. ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಆ ನೀರು ಇಳಿಯುವುದು ನಮ್ಮದೇ ಬಾವಿಗೆ. ಶೌಚಗುಂಡಿಯ ಗಾಳಿ ಕೊಳವೆಗೆ ಬಲೆ ಕಟ್ಟಿ.

ಮನೆಯೊಳಗೆ

ಕಿಟಕಿಗೆ ಬಲೆ ಹಾಕಿಸುವವರು ಬಚ್ಚಲಿನ ಗವಾಕ್ಷಿಯನ್ನೂ ಹೆಂಚಿನ ಮಾಡು ಗೋಡೆಗೆ ಕೂಡುವ ಸಂದನ್ನೂ ಮರೆಯುತ್ತಾರೆ. ರಾತ್ರಿಯ ಸೊಳ್ಳೆ ಬರುವುದು ಹೆಚ್ಚಾಗಿ ಆ ಸಂದಿನಿಂದಲೇ. ಸಂಜೆ ಐದರಿಂದ ಏಳರವರೆಗೆ ಬಾಗಿಲು ಮುಚ್ಚಿಡಿ. ಓದುವ ಮೇಜಿನ ಹತ್ತಿರ ಫ್ಯಾನಿಡಿ. ಸೊಳ್ಳೆಗೆ ಬೀಸುಗಾಳಿಯಲ್ಲಿ ಹಾರಲು ಶಕ್ತಿಯಿಲ್ಲ, ನಮ್ಮ ಉಸಿರಿನ ಜಾಡೂ ಚದುರುತ್ತದೆ. ಗಾಳಿ ಮೇಜಿನ ಕೆಳಗೆ, ಕಾಲಿಗೆ ಬೀಳುವಂತಿರಬೇಕು.

ಪರದೆ

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉಪಾಯ ಸೊಳ್ಳೆ ಪರದೆಯೇ. ರಾಸಾಯನಿಕ ಬೇಡ, ಕರೆಂಟು ಬೇಡ. ರಂಧ್ರ 1.2 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಬೆಳಕಿಗೆ ಹಿಡಿದು ತೂತು ನೋಡಿ, ಹೊಲಿಯಿರಿ. ಅಂಚನ್ನು ಹಾಸಿಗೆಯಡಿಗೆ ತೂರಿಸಿ. ನಿದ್ದೆಯಲ್ಲಿ ಹೊರಳಿದ ಮಗುವಿನ ಕೈ ಬಲೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಅದಕ್ಕಾಗಿ ಪರದೆ ಹಾಸಿಗೆಗಿಂತ ಅಗಲವಾಗಿರಲಿ. ಹಗಲು ಮಲಗುವ ಹಸುಗೂಸಿಗೆ ಹಗಲೂ ಪರದೆ ಬೇಕು.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮರಕ್ಕೆ ಸೀರೆ ಜೋಲಿ ಕಟ್ಟಿ ಮಗುವನ್ನು ಮಲಗಿಸಿ ತಾಯಿ ಹಣ್ಣು ಕೊಯ್ಯಲು ಹೋಗುತ್ತಾಳೆ. ತೆಳು ಸೀರೆಯ ಮೂಲಕ ಕೆಳಗಿನಿಂದಲೂ ಸೊಳ್ಳೆ ಕಚ್ಚಬಲ್ಲದು. ಒಳಗೆ ದಪ್ಪ ಬಟ್ಟೆ ಹಾಸಿ, ಇಡೀ ಜೋಲಿಯನ್ನು ಬಲೆಯಿಂದ ಸುತ್ತುವರಿಯಿರಿ. ಬಲೆ ಮುಖಕ್ಕೆ ತಾಗದಂತೆ, ಕುತ್ತಿಗೆಗೆ ಸುತ್ತದಂತೆ ಬಿಗಿಯಾಗಿ ಕಟ್ಟಿ, ಯಾರಾದರೂ ಹತ್ತಿರ ಕಾವಲಿರಲಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ನೆಲದ ಮೇಲೆ ಮಲಗುವ ಮಕ್ಕಳಿಗೆ ಪರದೆ ಕೊಡಿಸುವುದು ತೋಟದ ಮಾಲೀಕರ ಜವಾಬ್ದಾರಿ ಎಂದೇ ನಾನು ನಂಬಿದ್ದೇನೆ. ತೋಟಕ್ಕೆ ಹೊಡೆಯುವ ಔಷಧಿಯ ಒಂದು ಕ್ಯಾನಿನ ಮುಂದೆ ಅದರ ಖರ್ಚು ಏನೇನೂ ಅಲ್ಲ.

ಮೈಗೆ ಹಚ್ಚುವುದು ಕೊನೆಗೆ

ತಿಳಿಬಣ್ಣದ, ಸಡಿಲವಾದ, ತುಂಬು ತೋಳಿನ ಬಟ್ಟೆ, ಕಾಲಿಗೆ ಸಾಕ್ಸು: ಸಂಜೆಯ ಆಟಕ್ಕೆ ಇವು ಯಾವ ಎಣ್ಣೆಗಿಂತಲೂ ಮೇಲು. ಆಡಿ ಬಂದವರ ಬೆವರು ತೊಳೆದು ಸಾಕ್ಸು ಬದಲಿಸಿ. ಬೆವರಿದ ಪಾದದ ವಾಸನೆ ಸೊಳ್ಳೆಯನ್ನು ಕರೆಯುತ್ತದೆ.

ಗಿಡಮೂಲಿಕೆ ಎಂದ ಕೂಡಲೇ ನಿರಪಾಯ ಎಂದು ಭಾವಿಸಬೇಡಿ. ಲಕ್ಕಿ ಸೊಪ್ಪಾಗಲಿ, ಬೇವಾಗಲಿ, ತಟ್ಟೆಯಲ್ಲಿ ಸುಡುವ ಕಾಫಿ ಪುಡಿಯಾಗಲಿ, ಹೊಗೆ ಹೊಗೆಯೇ. ಕೊಟ್ಟಿಗೆಯಲ್ಲಿ ಹಾಕಿ, ಮಗು ಮಲಗುವ ಕೋಣೆಯಲ್ಲಿ ಬೇಡ. ಕರ್ಪೂರದ ಸಣ್ಣ ತುಂಡು ನುಂಗಿದರೂ ಮಗುವಿಗೆ ಸೆಳವು ಬರಬಹುದು. ನೀಲಗಿರಿ ಎಣ್ಣೆಯೂ ಹಾಗೆಯೇ. ಬೇವಿನ ಎಣ್ಣೆಯನ್ನು ಶಿಶುಗಳಿಗೆ ಕುಡಿಸಿ ಮೆದುಳಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ನಿಂಬೆಹುಲ್ಲು, ಸಿಟ್ರೊನೆಲ್ಲಾ ಎಣ್ಣೆಗಳ ಪ್ರಭಾವ ಹೆಚ್ಚೆಂದರೆ ಒಂದೆರಡು ಗಂಟೆ. ಹಚ್ಚುವುದಾದರೆ ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ತಿಳಿ ಮಾಡಿ, ಮೊದಲು ತೋಳಿನಲ್ಲಿ ಒಂದು ಚುಕ್ಕೆ ಹಚ್ಚಿ ಒಂದು ದಿನ ನೋಡಿ. ದೊಡ್ಡ ಮಕ್ಕಳಿಗೆ ಮಾತ್ರ, ಅದೂ ಕೈಬೆರಳು, ಕಣ್ಣು, ಬಾಯಿ ಬಿಟ್ಟು. ಶಿಶುಗಳಿಗೆ ಪರದೆಯೊಂದೇ ಸಾಕು. ಹೆಸರು ವಿಳಾಸವಿಲ್ಲದ ‘ಹರ್ಬಲ್’ ಸೊಳ್ಳೆ ಅಗರಬತ್ತಿ ಕೊಳ್ಳಬೇಡಿ. ಪರವಾನಗಿಯಿಲ್ಲದ ಕೀಟನಾಶಕ ಅದರಲ್ಲಿರಬಹುದು. ತುಳಸಿ, ಚೆಂಡುಹೂವಿನ ಕುಂಡ ಕಿಟಕಿಯಲ್ಲಿಟ್ಟರೆ ಚೆಂದ ಕಾಣುತ್ತದೆ, ಸೊಳ್ಳೆ ಓಡುವುದಿಲ್ಲ.

ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆದು ತಣ್ಣನೆಯ ಬಟ್ಟೆಯಿಡಿ. ಕೆರೆದು ಕೀವಾಗದಂತೆ ಉಗುರು ಕತ್ತರಿಸಿ.

ಜ್ವರ ಬಂದರೆ

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸಿದೆ. ಆಶಾ ಕಾರ್ಯಕರ್ತೆ ಲಾರ್ವಾ, ಅಂದರೆ ಸೊಳ್ಳೆ ಮರಿಗಳ, ಸಮೀಕ್ಷೆಗೆ ಬಂದಾಗ ಹಿತ್ತಿಲವರೆಗೂ ಕರೆದುಕೊಂಡು ಹೋಗಿ ತೋರಿಸಿ. ಎಲ್ಲ ಜಾಗ್ರತೆಯ ನಂತರವೂ ಮಗುವಿಗೆ ಜ್ವರ ಎರಡು ದಿನ ದಾಟಿದರೆ ವೈದ್ಯರಲ್ಲಿಗೆ ಹೋಗಿ. ಅಲ್ಲಿಯವರೆಗೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಜ್ವರ ಇಳಿಯಿತೆಂದು ನಿಶ್ಚಿಂತರಾಗುವ ಹೊತ್ತಿನಲ್ಲೇ ಡೆಂಗಿಯ ಅಪಾಯ ಹೆಚ್ಚು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಂಪರು ಇವುಗಳಲ್ಲಿ ಒಂದು ಕಂಡರೂ ತೋಟದ ದಾರಿಯಲ್ಲಿ ವಾಹನ ಸಿಗುವುದು ಕಷ್ಟವೆಂದು ಬೆಳಗಿನವರೆಗೆ ಕಾಯಬೇಡಿ. ಜ್ವರವಿರುವ ಮಗುವನ್ನು ಹಗಲಿನಲ್ಲೂ ಪರದೆಯೊಳಗೇ ಮಲಗಿಸಿ. ಆ ದಿನಗಳಲ್ಲಿ ಅದಕ್ಕೆ ಕಚ್ಚಿದ ಸೊಳ್ಳೆ ರೋಗವನ್ನು ಮನೆಯ ಉಳಿದ ಮಕ್ಕಳಿಗೆ ದಾಟಿಸಬಲ್ಲದು.